ದೋಷಪೂರಿತ ಮರಿ ಸರಬರಾಜು ಮಾಡಿದ್ದಕ್ಕೆ ಕ್ಷಮೆ ಕೋರಿ

ಕನಕಪುರ ರಸ್ತೆಯ ಹದಿನಾಲ್ಕನೇ ಮಹಡಿಯ ಮಾನ್ಯ ದಂಪತಿಗಳಿಗೆ,

ಮಂಗಳವಾರ ರಾತ್ರಿ ಹತ್ತೂವರೆಗೆ ತಾವು ನಮ್ಮ ಬಾಗಿಲಲ್ಲಿ ಇಳಿಸಿ ಹೋದ ಬುಟ್ಟಿ ತಲುಪಿದೆ. ಒಳಗೆ ಬೆಕ್ಕಿನ ಮರಿ ಒಂದು, ಅರ್ಧ ಖಾಲಿಯಾದ ಆಹಾರದ ಪ್ಯಾಕೆಟ್ ಒಂದು, ತುದಿಗೆ ಗರಿ ಕಟ್ಟಿದ ಕೋಲು ಒಂದು, ‘ಲೂನಾ’ ಎಂದು ಕೆತ್ತಿಸಿದ ಬಿಲ್ಲೆಯ ಸಮೇತ ಕುತ್ತಿಗೆಪಟ್ಟಿ ಒಂದು. ಲೆಕ್ಕ ಸರಿಯಾಗಿದೆ. ಹಸಿರು ಟವೆಲ್ಲೊಂದು ಕಾಣಲಿಲ್ಲ, ಅದರ ಮಾತು ಆಮೇಲೆ.

ಬುಟ್ಟಿಯ ಬೆನ್ನಿಗೇ ತಮ್ಮ ನಾಲ್ಕು ನಿಮಿಷದ ವಾಯ್ಸ್ ಮೆಸೇಜೂ ಬಂತು. ಎರಡು ಸಲ ಕೇಳಿ ದೂರುಗಳನ್ನು ಹಾಳೆಯ ಮೇಲೆ ಬರೆದುಕೊಂಡೆ. ಮರಿ ಬಂದ ದಿನವೇ ಫ್ರಿಜ್ಜಿನ ಹಿಂದೆ ಹೋಗಿ ಕೂತಿತು. ಕರೆದರೆ ಬರಲಿಲ್ಲ. ಹಾಲು ಇಟ್ಟರೆ ಕುಡಿಯಲಿಲ್ಲ, ಕುಡಿದ ದಿನ ಭೇದಿ ಮಾಡಿತು. ಮೊಸರನ್ನವನ್ನು ಮೂಸಿಯೂ ನೋಡಲಿಲ್ಲ. ಹಗಲೆಲ್ಲ ನಾಪತ್ತೆ, ರಾತ್ರಿ ಎರಡಕ್ಕೆ ಓಡಾಟ. ತೊಡೆ ಮೇಲೆ ಕೂರಲಿಲ್ಲ, ಫೋಟೋಗೆ ಸಿಗಲಿಲ್ಲ. ಕೊನೆಗೆ ತಮ್ಮ ತೀರ್ಪು: “ಇದು ಸರಿ ಇಲ್ಲ ಮೇಡಂ. ಬೇರೆ ಇದ್ರೆ ಕೊಡಿ.”

ಒಂದಕ್ಷರವೂ ಸುಳ್ಳಲ್ಲ. ಮರಿಗೆ ತಾವು ಇಟ್ಟ ಹೆಸರಿನ ವಿಷಯ ಮಾತ್ರ ಒಂದು ಮಾತು. ಲೂನಾ ಎಂದರೆ ನಮ್ಮ ತಲೆಮಾರಿನವರ ಕಣ್ಣ ಮುಂದೆ ಬರುವುದು ಮೊಪೆಡ್ಡು. ಅವಳು ಅದುವರೆಗೆ ಜೀರಿಗೆಯಾಗಿದ್ದಳು. ಮೂರು ವಾರ ಹಗಲೂ ರಾತ್ರಿ ಕೇಳಿಸಿಕೊಂಡು, ಆ ಹೆಸರಿಗೆ ಒಂದು ಕಿವಿ ತಿರುಗಿಸುವಷ್ಟು ಮುಂದುವರಿದಿದ್ದಳು. ಒಂದೇ ಕಿವಿ, ಅದೂ ಎಡದ್ದು.

ತಪ್ಪು ನನ್ನದೇ. ತಾವು ಮರಿ ನೋಡಲು ಬಂದ ಭಾನುವಾರವೇ ನನಗೆ ಗೊತ್ತಾಗಬೇಕಿತ್ತು. ಐದು ಜನ ನಮ್ಮ ಹಜಾರದಲ್ಲಿ ಸಾಲಾಗಿ ಕೂತಿರಿ. ಉಪ್ಪಿಟ್ಟು ಕೇಸರಿಬಾತು ಮಾಡಿರಲಿಲ್ಲ ಎನ್ನುವುದೊಂದನ್ನು ಬಿಟ್ಟರೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಏನೂ ಕಮ್ಮಿಯಿರಲಿಲ್ಲ. ಮೊದಲು ಬಣ್ಣ. ಅಕ್ಕ ಸಾಸಿವೆ ಕಪ್ಪು ಎಂದು ಕಂಡದ್ದೇ ತಮ್ಮ ಅತ್ತೆಯವರು ಕಿಟಕಿಯ ಕಡೆ ನೋಡತೊಡಗಿದರು. ಜೀರಿಗೆಗೆ ಮೈಮೇಲೆ ಪಟ್ಟೆ, ಎದೆ ಬಿಳಿ, ಹಾಗಾಗಿ ಒಪ್ಪಿಗೆ. “ಸ್ವಭಾವ ಹೇಗೆ?” ಎಂದು ಕೇಳಿದಿರಿ. “ಸಂಕೋಚ ಜಾಸ್ತಿ” ಎಂದೆ. “ಹೆಣ್ಣುಮಕ್ಕಳಿಗೆ ಸಂಕೋಚ ಇರಬೇಕು ಬಿಡಿ” ಎಂದು ತಮ್ಮ ಮಾವನವರು ನಕ್ಕರು. ಅದೇ ಸಂಕೋಚದ ಕಾರಣಕ್ಕೆ ನಾಲ್ಕು ರಾತ್ರಿ ಕಳೆಯುವುದರೊಳಗೆ ತವರಿಗೆ ಬಿಟ್ಟು ಹೋಗುತ್ತೀರಿ ಎಂದು ನನ್ನ ಮಂಕುಬುದ್ಧಿಗೆ ಹೊಳೆಯಲಿಲ್ಲ. ಹೆದರುವ ಮರಿಗಳಿಗೆ ಜೊತೆ ಬೇಕು, ಇಬ್ಬರನ್ನೂ ಕರೆದುಕೊಂಡು ಹೋಗಿ ಎಂದೆ. “ಒಂದೇ ಸಾಕು, ಎರಡಾದರೆ ನಮ್ಮನ್ನ ಹಚ್ಚಿಕೊಳ್ಳಲ್ಲ” ಎಂದಿರಿ. ಅದಕ್ಕೇ ಸಾಸಿವೆ ಮಲಗುತ್ತಿದ್ದ ಹಸಿರು ಟವೆಲ್ಲನ್ನು ಬುಟ್ಟಿಗೆ ಹಾಸಿ ಕೊಟ್ಟಿದ್ದೆ.

ಅಷ್ಟೆಲ್ಲ ವಿಚಾರಿಸಿದವರು ಕುಲಗೋತ್ರ ಕೇಳಲಿಲ್ಲ. ಈಗ ಹೇಳುತ್ತೇನೆ. ತಾಯಿ ಗಾಂಧಿ ಬಜಾರಿನ ಹಿಂದಿನ ಗಲ್ಲಿಯ ಒಂದು ದಿನಸಿ ಗೋಡೌನಿನವಳು, ಮನುಷ್ಯರ ನೆರಳು ಬಿದ್ದರೆ ಓಡುವವಳು. ತಂದೆ ಯಾರೆಂದು ಇಡೀ ಗಲ್ಲಿಗೆ ಗುಮಾನಿ ಇದೆ, ರುಜುವಾತಿಲ್ಲ. ಇದು ಸಣ್ಣ ವಿಷಯವಲ್ಲ. ಸ್ಯಾಂಡ್ರಾ ಮೆಕ್ಯೂನ್ ಎಂಬ ವಿಜ್ಞಾನಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನರ ಜೊತೆ ಸಲುಗೆಯಿಂದಿರುವ ಗಂಡುಬೆಕ್ಕಿನ ಮರಿಗಳು ತಾವೂ ಧೈರ್ಯವಾಗಿರುತ್ತವೆ. ಅಪ್ಪನೆಂಬ ಆ ಪ್ರಾಣಿ ಮರಿಗಳ ಮುಖವನ್ನೂ ನೋಡಿರುವುದಿಲ್ಲ, ಆದರೂ ಧೈರ್ಯವನ್ನು ರಕ್ತದಲ್ಲಿ ಬಿಟ್ಟು ಹೋಗಿರುತ್ತದೆ. ಜೀರಿಗೆಯ ಅಪ್ಪ ಏನು ಬಿಟ್ಟು ಹೋದನೋ, ತಮ್ಮ ಫ್ರಿಜ್ಜಿನ ಹಿಂದೆ ತಾವೇ ನೋಡಿದ್ದೀರಿ.

ಇನ್ನು ವಯಸ್ಸು. ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಷ್ ಎಂಬಾಕೆ 1980ರ ದಶಕದಲ್ಲಿ ಮರಿಗಳನ್ನು ದಿನಾ ಕೈಯಲ್ಲಿ ಹಿಡಿದು ಪರೀಕ್ಷಿಸಿ ಕಂಡುಕೊಂಡಂತೆ, ಮನುಷ್ಯರ ಕೈ ಸುಲಭವಾಗಿ ಒಗ್ಗುವುದು ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದ ತನಕ. ಆಮೇಲೂ ಬಾಗಿಲು ತೆರೆಯುತ್ತದೆ, ಮಳೆಗಾಲದ ಮರದ ಬಾಗಿಲಿನ ಹಾಗೆ, ನಿಧಾನಕ್ಕೆ. ಜೀರಿಗೆ ಕೈಗೆ ಸಿಕ್ಕ ದಿನ ಗೋಡೌನಿನವರೇ ಅವಳನ್ನು ತೊಗರಿಬೇಳೆ ತೂಗುವ ತಕ್ಕಡಿಯಲ್ಲಿ ಕೂರಿಸಿದರು: 850 ಗ್ರಾಂ. ತಿಂಗಳಿಗೆ ಸುಮಾರು 450 ಗ್ರಾಂ ಎನ್ನುವ ರೂಢಿಯ ಲೆಕ್ಕ ಹಿಡಿದರೆ ಹೆಚ್ಚುಕಡಿಮೆ ಎರಡು ತಿಂಗಳು. ಮನುಷ್ಯರ ಬಗ್ಗೆ ಒಳ್ಳೆಯ ಅಭಿಪ್ರಾಯ ಮೂಡಬೇಕಾದ ವಾರಗಳಲ್ಲಿ ಅವಳು ಕಂಡದ್ದು ಮೂಟೆ ಹೊತ್ತ ಕಾಲುಗಳು, ಗೋಣಿಚೀಲದ ಸಂದಿಗೆ ತೂರಿ ಬರುವ ಪೊರಕೆ. ಒಟ್ಟು ನಾಲ್ಕು ಮರಿಗಳಿದ್ದವಂತೆ. ಎರಡಕ್ಕೆ ಸಂಕೋಚ ಇರಲಿಲ್ಲ, ಧೈರ್ಯವಾಗಿ ರಸ್ತೆಗೆ ಬಂದವು. ಅವನ್ನು ದತ್ತು ಕೊಡುವ ಪ್ರಮೇಯ ಬರಲಿಲ್ಲ.

ಶುಕ್ರವಾರ ಒಯ್ದ ಮರಿಗೆ ಭಾನುವಾರವೇ ಸತ್ಯನಾರಾಯಣ ಪೂಜೆಯ ಭಾಗ್ಯ ಒದಗಿಸಿದಿರಿ. ಶಂಖ, ಜಾಗಟೆ, ಮಿಕ್ಸಿ, ನಲವತ್ತು ಜನರ ಊಟ, ಸಪಾದ ಭಕ್ಷ್ಯ ತಿಂದ ಕೈಯಲ್ಲೇ “ಎಲ್ಲಿ, ತೋರ್ಸಿ ತೋರ್ಸಿ” ಎನ್ನುವ ಬಂಧುಬಳಗ. ಹೊರಗೆ ಬಾರದವಳನ್ನು ತಮ್ಮ ಭಾವಮೈದುನ ಪೊರಕೆ ಹಾಕಿ ಎಳೆದರಂತೆ. ಪೊರಕೆ! ಅವಳಿಗೆ ಪರಿಚಯವಿದ್ದ ಏಕೈಕ ವಸ್ತು. ಅವರ ಮುಂಗೈ ಗೀರಿದಳು. ತಕ್ಷಣ ಸೋಪು ಹಾಕಿ ತೊಳೆದು ಇಂಜೆಕ್ಷನ್‌ಗೆ ಹೋದರಲ್ಲ, ಆ ನಾಲ್ಕು ದಿನಗಳಲ್ಲಿ ತಮ್ಮ ಮನೆಯಲ್ಲಿ ನಡೆದ ಸರಿಯಾದ ಕೆಲಸ ಅದೊಂದೇ ಎಂದು ಮನಸಾರೆ ಅಭಿನಂದಿಸುತ್ತೇನೆ.

ಒಂದು ಕೋಣೆ ಬಿಟ್ಟುಕೊಡಿ, ಅದರಲ್ಲೊಂದು ರಟ್ಟಿನ ಡಬ್ಬ ಬೋರಲು ಹಾಕಿ ಬಾಗಿಲು ಕೊರೆದಿಡಿ ಎಂದಿದ್ದೆ. ರಟ್ಟಿನ ಡಬ್ಬ ಇಂಟೀರಿಯರ್‌ಗೆ ಹೊಂದುವುದಿಲ್ಲವೆಂದು ನಾಲ್ಕೂ ಕಡೆ ತೆರೆದ ಬಿಳಿ ಮೆತ್ತೆ ತಂದಿರಿ. ನೆದರ್‌ಲೆಂಡ್ಸಿನಲ್ಲಿ ಪಾಪ ಸಂಶೋಧಕರು ಒಂದು ಆಶ್ರಯಧಾಮದ 19 ಬೆಕ್ಕುಗಳ ಪೈಕಿ ಹತ್ತಕ್ಕೆ ಅಡಗಲು ಡಬ್ಬ ಕೊಟ್ಟು, ಒಂಬತ್ತಕ್ಕೆ ಕೊಡದೆ ನೋಡಿ 2014ರಲ್ಲಿ ವರದಿ ಬರೆದರು. ಡಬ್ಬ ಸಿಕ್ಕವು ಮೂರ್ನಾಲ್ಕು ದಿನಕ್ಕೇ ಸಾವರಿಸಿಕೊಂಡಿದ್ದವು. ಅಡಗಲು ಬಿಟ್ಟರೆ ಬೇಗ ಹೊರಗೆ ಬರುತ್ತವೆ ಎನ್ನುವುದು ಬೆಕ್ಕಿನ ತರ್ಕ, ನಮ್ಮದಲ್ಲ.

ತಾವು ಎಲ್ಲರೂ ಬಗ್ಗಿ ಟಾರ್ಚ್ ಬಿಟ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡಿದಿರಲ್ಲ, ಬೆಕ್ಕಿನ ಭಾಷೆಯಲ್ಲಿ ಅದು ಜಗಳಕ್ಕೆ ಕರೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿಯುತ್ತದೆ ಎಂದು ಅದನ್ನು ಕಪಟಿಗಳ ಸಾಲಿಗೆ ಸೇರಿಸಿ ಗಾದೆ ಕಟ್ಟಿದವರು ನಾವು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದು ಬೇರೆ: ಎದುರಿನವರು ನಿಧಾನವಾಗಿ ಕಣ್ಣು ಕಿರಿದುಮಾಡಿ ಮುಚ್ಚಿ ತೆರೆದರೆ ಬೆಕ್ಕೂ ಹಾಗೇ ಮಾಡುತ್ತದೆ, ಅಂಥವರ ಬಳಿಗೆ ಹೆಚ್ಚು ಬರುತ್ತದೆ.

ಹಾಲಿನ ಮಾತು ಬಂದದ್ದಕ್ಕೆ ನೆನಪಾಯಿತು. ತಾಯಿಹಾಲು ಬಿಟ್ಟ ಮರಿಗೆ ಹಸುವಿನ ಹಾಲು ಜೀರ್ಣವಾಗುವುದು ಕಷ್ಟ, ಭೇದಿಗೆ ಅದೇ ಕಾರಣ. ಆದರೆ ಬೆಕ್ಕೆಂದರೆ ಹಾಲು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ ಕಥೆಗಳ ತಪ್ಪು ತಮ್ಮ ತಲೆಗೆ ಯಾಕೆ? ತೆನಾಲಿ ರಾಮಕೃಷ್ಣನ ಬೆಕ್ಕು ಗೊತ್ತಿರಬೇಕಲ್ಲ. ಕೃಷ್ಣದೇವರಾಯ ಬೆಕ್ಕು ಸಾಕಲೆಂದು ಹಸುವನ್ನೂ ಕೊಟ್ಟ. ಇವನು ಮೊದಲ ದಿನವೇ ಕುದಿಯುವ ಹಾಲಿಟ್ಟ. ನಾಲಿಗೆ ಸುಟ್ಟ ಬೆಕ್ಕು ಹಾಲು ಕಂಡರೆ ಓಡತೊಡಗಿತು. ಹಾಲೆಲ್ಲ ಇವನ ಮನೆಗೆ. ವಿಜಯನಗರದ ಕಾಲದಿಂದ ನಾವು ಆ ಜಾಣತನಕ್ಕೆ ನಗುತ್ತಿದ್ದೇವೆ. ಆ ಬೆಕ್ಕು ಆಮೇಲೆ ಎಲ್ಲಿ ಅಡಗಿ ಕೂತಿತ್ತು ಎಂದು ಯಾವ ಮೇಷ್ಟರೂ ಹೇಳಲಿಲ್ಲ.

ಮೊಸರನ್ನದ ಬಗ್ಗೆ ತಮ್ಮ ಮನೆಯ ಆಚಾರಕ್ಕೆ ನನ್ನ ಗೌರವವಿದೆ. ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಬೆಕ್ಕಿನ ಕಣ್ಣು, ಹೃದಯ ಕೆಡುತ್ತವೆ, ಅದು ಸಿಗುವುದು ಮಾಂಸದಲ್ಲಿ. ಆಚಾರವಂತ ಪ್ರಾಣಿಯೇ ಬೇಕಿದ್ದರೆ ಮೊಲ ಇದೆ.

ಇಷ್ಟಾದರೂ ತಮ್ಮನ್ನು ಹೊಗಳಲೇಬೇಕು. ತಾವು ಮರಿಯನ್ನು ಮಾರ್ಕೆಟ್ಟಿನ ಮೂಲೆಯಲ್ಲಿ ಬಿಟ್ಟು ಬರಲಿಲ್ಲ, ಹೊರಗೆ ಹೇಗೋ ಬದುಕಿಕೊಳ್ಳುತ್ತೆ ಎನ್ನಲಿಲ್ಲ. ಹಾಗೆ ಮಾಡುವವರು ಎಷ್ಟೋ ಜನ. ಕಾನೂನಿನ ಹೆದರಿಕೆಯಿಂದಲೂ ತಾವು ಹೀಗೆ ಮಾಡಿದ್ದಲ್ಲ ಎಂದು ಬಲ್ಲೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ, ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದರೆ ಮೊದಲ ಸಲದ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತರ ತನಕ. ಬೈಟು ಕಾಫಿಯ ದುಡ್ಡು. ಅಷ್ಟು ಅಗ್ಗದ ದಾರಿ ಬಿಟ್ಟು, ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಪೆಟ್ರೋಲು ಸುಟ್ಟು ತಂದು ಮುಟ್ಟಿಸಿದಿರಿ.

ನನ್ನ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ಮೊದಲ ಸಲ ಇಂಥ ಮರಿ ತಂದಾಗ ಮೂರನೇ ದಿನ ನಾನೂ ಮಂಚದಡಿಯಿಂದ ಕಾಲು ಹಿಡಿದು ಎಳೆದು, ಎದೆಗವಚಿಕೊಂಡು ಮುತ್ತಿಟ್ಟಿದ್ದೆ. ಪ್ರೀತಿ ತಡೆಯಲಾಗಲಿಲ್ಲ. ಆ ಬೆಕ್ಕು ನನ್ನನ್ನು ಕ್ಷಮಿಸಲು ಐದು ತಿಂಗಳು ತೆಗೆದುಕೊಂಡಿತು. ನಮ್ಮ ಮನೆಯವರ ಪಕ್ಕ ಎರಡೇ ವಾರಕ್ಕೆ ಹೋಗಿ ಮಲಗಿತು. ಅವರು ಮಾಡಿದ ಘನಕಾರ್ಯವೆಂದರೆ ನೆಲದ ಮೇಲೆ ಕೂತು ಪೇಪರು ಓದಿದ್ದು.

ಈಗ ಅವರದ್ದೇ ಡ್ಯೂಟಿ. ಜೀರಿಗೆ ನಮ್ಮ ಬಚ್ಚಲುಮನೆಯ ಬಕೆಟ್ಟಿನ ಹಿಂದಿದ್ದಾಳೆ. ಸಂಜೆ ಏಳಕ್ಕೆ ಇವರು ಮಣೆ ಹಾಕಿಕೊಂಡು ಕೂತು, ಉಪ್ಪು ಈರುಳ್ಳಿ ಸೋಕಿಸದೆ ಬೇಯಿಸಿ ಅರೆದ ಕೋಳಿಯನ್ನು ಉದ್ದ ಹಿಡಿಯ ಚಮಚದಲ್ಲಿ ಚಾಚಿ, ಮೆಲ್ಲಗೆ ರಾಶಿಭವಿಷ್ಯ ಓದುತ್ತಾರೆ. ಬುಧವಾರ ಅವಳು ಚಮಚ ನೋಡಲಿಲ್ಲ. ಗುರುವಾರ ಕತ್ತು ಚಾಚಿದಳು. ನಿನ್ನೆ ಕನ್ಯಾರಾಶಿ ಮುಗಿದು ತುಲಾ ಶುರುವಾಗುವಷ್ಟರಲ್ಲಿ ಚಮಚ ಖಾಲಿಯಾಗಿತ್ತು. “ಜೀರಿಗೆ” ಎಂದರು. ಕಿವಿ ತಿರುಗಲಿಲ್ಲ. ಮೂರು ವಾರದ ಕೆಲಸ ಮತ್ತೆ ಮೊದಲಿನಿಂದ.

ತಾವು ಕೇಳಿದ ‘ಬೇರೆ’ ಸದ್ಯಕ್ಕೆ ದಾಸ್ತಾನಿಲ್ಲ. ಕರೆದ ಕೂಡಲೇ ಬಂದು ತೊಡೆಯೇರಿ ಫೋಟೋಗೆ ನಗುವ ಮರಿ ಸಿಕ್ಕಿದರೆ ಖಂಡಿತ ತಿಳಿಸುತ್ತೇನೆ. ಸಿಕ್ಕಿದರೆ ನಾನೇ ಇಟ್ಟುಕೊಳ್ಳುವ ಸಂಭವವೂ ಇದೆ.

ಇಂತಿ ತಮ್ಮ ವಿಧೇಯಳು,
ಹನುಮಂತನಗರದ ಬೆಕ್ಕಿನ ಮೇಡಂ

ವಿ.ಸೂ.: ಹಸಿರು ಟವೆಲ್ಲು ಫ್ರಿಜ್ಜಿನ ಹಿಂದೆಯೇ ಬಿದ್ದಿರಬೇಕು, ದಯಮಾಡಿ ಕಳಿಸಿಕೊಡಿ. ಒಗೆದು ಇಸ್ತ್ರಿ ಮಾಡಿಸುವ ಸೌಜನ್ಯ ಮಾತ್ರ ತೋರಬೇಡಿ. ಸಾಸಿವೆಯನ್ನು ಮೊನ್ನೆ ಜಯನಗರದವರು ಕರೆದುಕೊಂಡು ಹೋದರು. ಅವಳ ವಾಸನೆ ಉಳಿದಿರುವುದು ಅದೊಂದರಲ್ಲೇ.