ಚೀಲ ಹಿಡಿದವರ ಸ್ಪರ್ಧೆ

ಯುಗಾದಿಗೆ ನಮ್ಮ ಕಡೆಯ ಒಂದು ಅರಿವೆ ಅಂಗಡಿಯವರು ವಿಡಿಯೊ ಸ್ಪರ್ಧೆ ಸಾರಿದರು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾರು ಬೇಕಾದರೂ ತಮ್ಮೂರಿನ ಚೆಲುವು ತೋರಿಸಬಹುದು. ಅಂಗಡಿಯ ಚೀಲ ಎದ್ದು ಕಾಣಬೇಕು. ಹೆಚ್ಚು ಲೈಕ್ ಬಂದವರಿಗೆ ಫ್ರಿಜ್ಜು. ಕೊನೆಗೆ ಸಣ್ಣ ಅಕ್ಷರದಲ್ಲಿ, ‘ತೀರ್ಪುಗಾರರ ನಿರ್ಧಾರವೇ ಅಂತಿಮ’. ಲೈಕೇ ತೀರ್ಪಾದ ಮೇಲೆ ತೀರ್ಪುಗಾರರಿಗೇನು ಕೆಲಸ? ಕೇಳುವ ವ್ಯವಧಾನ ಯಾರಿಗಿತ್ತು, ಎಲ್ಲರ ಕಣ್ಣೂ ಫ್ರಿಜ್ಜಿನ ಮೇಲೆ.

ಗೋಕಾಕದವರು ಹುಟ್ಟಾ ಮುಂದೆ. ಫಾಲ್ಸಿದೆ, ತೂಗುಸೇತುವೆಯಿದೆ, ಕೈಯಲ್ಲಿ ಕರದಂಟಿದೆ. ಹುಕ್ಕೇರಿಯವರಿಗೆ ಗುಮ್ಮಟಗಳು, ಹಿಡಕಲ್ ಡ್ಯಾಮು. ಈಚೆಗೆ ತಾಲೂಕಾದ ಮೂಡಲಗಿಯ ನಾವು ಕಬ್ಬಿನ ಹೊಲ, ದನದ ಸಂತೆ ಎಂದು ಹೊರಟೆವು. ಯುಗಾದಿ ಹೊತ್ತಿಗೆ ಫಾಲ್ಸಿನಲ್ಲಿ ಘಟಪ್ರಭೆ ಬರೀ ಬಂಡೆ ತೋರಿಸುತ್ತಾಳೆ. ಗೋಕಾಕದವರ ವಿಡಿಯೊದಲ್ಲಿ ಮಾತ್ರ 170 ಅಡಿ ಮೇಲಿಂದ ಕೆಂಪು ನೀರು ಭೋರ್ಗರೆಯಿತು. ಆಷಾಢದ ನೀರಿಗೆ ಚೈತ್ರದ ಚೀಲ! ಆಕ್ಷೇಪಿಸಿದ್ದಕ್ಕೆ, “ನೀರು ಹಳೇದಾದ್ರೇನ್ರೀ, ಊರು ಅದ ಐತಲ್ಲ” ಎಂದರು.

ಆಮೇಲೆ ಲೈಕಿನ ಬೇಟೆ. “ಕಾಕಾ, ಲಿಂಕ್ ಕಳಿಸೇನಿ, ಮನ್ಯಾಗಿನ ಎಲ್ಲಾ ಫೋನಿಂದ ಒತ್ತಸ್ರಿ.” “ನೋಡಿ ಒತ್ತತೀನಿ ತಡಿಯೋ.” “ನೋಡೂದು ಬ್ಯಾಡ್ರೀ, ಒತ್ರಿ ಸಾಕು.” ಬೀಗರ ಮೊಮ್ಮಗಳ ಡ್ಯಾನ್ಸಿಗೆ ನಾವು ಒತ್ತಿದ್ದೆವು, ನಮ್ಮ ಹೋರಿಗೆ ಅವರು ಒತ್ತದಿದ್ದರೆ ಹೇಗೆ? ಬಳಗ ದೊಡ್ಡದಿದ್ದವರ ಊರು ಚೆಲುವಾಯಿತು. ಬಳಗವಿಲ್ಲದವರಿಗೆ ರೊಕ್ಕಕ್ಕೆ ಲೈಕ್ ಮಾರುವವರಿದ್ದಾರೆ. ಒಂದು ವಿಡಿಯೊಕ್ಕಂತೂ ಬೆಳಗಾಗುವುದರೊಳಗೆ ಕಂಡರಿಯದ ದೇಶಗಳ ಲೈಕು. ನಮ್ಮ ದನದ ಸಂತೆಯ ಮೇಲೆ ಬ್ರೆಜಿಲ್ಲಿನವರ ಅಕ್ಕರೆ ಕಂಡು ಹೆಮ್ಮೆಪಟ್ಟೆವು.

ಗೆದ್ದದ್ದು ಲೈಕಿನ ಪಟ್ಟಿಯ ನಡುವೆಲ್ಲೋ ಇದ್ದ ವಿಡಿಯೊ. ತೀರ್ಪುಗಾರರ ಕೆಲಸ ಏನೆಂದು ಆಗ ತಿಳಿಯಿತು. ಪ್ರಶ್ನೆ ಕೇಳಿದವರ ಕಮೆಂಟುಗಳು ಒಂದೊಂದಾಗಿ ಮಾಯವಾದವು.

ಕಾನೂನು ಇಲ್ಲವೆಂದಲ್ಲ. ಬಹುಮಾನದ ಯೋಜನೆ ಮುಗಿದ ಮೇಲೆ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ‘ಕೌನ್ ಬನೇಗಾ ಕರೋಡ್‌ಪತಿ’ ನೋಡುಗರಿಗೆ 2007ರಲ್ಲಿ ಇಟ್ಟ ಎಸ್ಸೆಮ್ಮೆಸ್ ಸ್ಪರ್ಧೆಯ ಬಹುಮಾನ, ಆ ಎಸ್ಸೆಮ್ಮೆಸ್ಸುಗಳ ದುಡ್ಡಿನಿಂದಲೇ ಬಂತೆಂದು ರಾಷ್ಟ್ರೀಯ ಗ್ರಾಹಕ ಆಯೋಗ ಸ್ಟಾರ್, ಏರ್‌ಟೆಲ್ ಕಂಪನಿಗಳಿಗೆ 1 ಕೋಟಿ ರೂಪಾಯಿ ದಂಡ ಹಾಕಿತ್ತು. ಅದಕ್ಕೆ ಪುರಾವೆಯಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತೆಗೆದುಹಾಕಿತು. ಕೋಟಿಯ ವ್ಯಾಜ್ಯಕ್ಕೇ ಪುರಾವೆ ಸಾಲದಿದ್ದರೆ ಫ್ರಿಜ್ಜಿನದಕ್ಕೆ ಎಲ್ಲಿಂದ ತರುವುದು?

ಜಾತ್ರೆಯ ಕುಸ್ತಿಯಲ್ಲಿ ಈ ತೊಡಕಿಲ್ಲ. ಬೆನ್ನು ಮಣ್ಣಿಗೆ ತಾಗಿದ್ದನ್ನು ಊರೇ ನೋಡುತ್ತದೆ. ಪಂಚರು ಎಡವಿದರೆ ಜನ ಹುಯಿಲೆಬ್ಬಿಸುತ್ತಾರೆ. ಸೋತ ಪೈಲ್ವಾನನಿಗೆ ತಾನು ಯಾಕೆ ಸೋತೆನೆಂಬುದಾದರೂ ಗೊತ್ತಿರುತ್ತದೆ. ಅವನಿಗೆ ಸಲ್ಲಬೇಕಾದ ನ್ಯಾಯವೆಂದರೆ ಅಷ್ಟೇ.

ದಸರಾಕ್ಕೆ ಮತ್ತೆ ಸ್ಪರ್ಧೆಯಂತೆ. ಓದಿ ಹೇಳಿದೆ. ಕಾಕಾ ಎಲೆ ಅಡಿಕೆ ಮೆಲ್ಲುತ್ತಲೇ ಅಂದರು: “ಫ್ರಿಜ್ಜು ಅವರ ಇಟಗೊಳ್ಳಲಿ. ಮೂರು ತಾಲೂಕು ಅವರ ಚೀಲಾ ಹಿಡಕೊಂಡು ತಿರಗ್ಯಾಡೇವಲ್ಲ, ಅದರ ಪಗಾರ ಎಷ್ಟು ಕೊಡತೀರಿ ಕೇಳು.”