ಕಾಬಾಳೆಗೆ ಚಳಿಗಾಲ

ಹೂದೋಟದಲ್ಲಿ ಮರ್ಯಾದೆ ಸಿಗುವುದು ಕಾಟ ಕೊಡುವ ಗಿಡಗಳಿಗೆ. ಕಡಿಯಾಳಿಯ ನಮ್ಮ ಮನೆಯ ಎದುರು ಆಂಥೂರಿಯಂಗೆ ಹಸಿರು ನೆಟ್ಟಿನ ಚಪ್ಪರವಿದೆ, ಆರ್ಕಿಡ್‌ಗೆ ತೆಂಗಿನ ಸಿಪ್ಪೆ ತುಂಬಿದ ತೂಗುಕುಂಡವಿದೆ. ಎರಡರಲ್ಲಿ ಯಾವುದರ ಎಲೆ ಹಳದಿಯಾದರೂ ಆ ದಿನ ಅಡಿಗೆ ತಡ. ಕಾಬಾಳೆಯ ವಾಸ ಹಿತ್ತಲಲ್ಲಿ, ಬಚ್ಚಲು ನೀರು ಹರಿಯುವ ಕಣಿಯ ಬದಿಯಲ್ಲಿ. ನರ್ಸರಿಯವರು ಕ್ಯಾನಾ ಎಂದು ಕರೆಯುವ ಅದಕ್ಕೆ ಗೊಬ್ಬರ ಹಾಕಿದವರಿಲ್ಲ, ನೀರು ಹೊತ್ತವರಿಲ್ಲ. ಆದರೂ ಆಳೆತ್ತರ ಬೆಳೆದು ಕೆಂಪಗೆ ಹೂಬಿಟ್ಟು ನಿಂತಿರುತ್ತದೆ. ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಸುರಿಯುವ ನಮ್ಮೂರಿನ ಮಳೆಗೆ ಆಂಥೂರಿಯಂ ಜಗಲಿ ಏರುತ್ತದೆ. ಕಾಬಾಳೆ ಪಾದ ಮುಳುಗುವ ನೀರಿನಲ್ಲೇ ಆಟಿ ತಿಂಗಳು ಕಳೆಯುತ್ತದೆ.

ಸಾಬೂನು, ಸೀಗೆಪುಡಿ, ಎಣ್ಣೆಸ್ನಾನದ ಜಿಡ್ಡು ಎಲ್ಲವೂ ಅದಕ್ಕೆ ಒಗ್ಗುತ್ತದೆ. ಕೊಳೆನೀರಿನ ಸಾರಜನಕ, ರಂಜಕಗಳನ್ನು ಹೀರಿಕೊಳ್ಳುತ್ತದೆಂದು ಈಗ ಎಂಜಿನಿಯರುಗಳು ಜಲ್ಲಿ ತುಂಬಿದ ಹೊಂಡದಲ್ಲಿ ಕ್ಯಾನಾ ನೆಟ್ಟು ನೀರು ಶುದ್ಧಮಾಡುತ್ತಾರೆ. ನಮ್ಮಜ್ಜಿ ಅದೇ ಕಾಮಗಾರಿಯನ್ನು ಟೆಂಡರ್ ಕರೆಯದೆ ಮುಗಿಸಿದ್ದರು.

ಆದರೂ ಮರ್ಯಾದೆ ಇಲ್ಲ. ಹೂ ಒಂದೇ ದಿನದ್ದು, ಮುಡಿಯಲಿಕ್ಕೂ ಆಗುವುದಿಲ್ಲ. ನಾಲ್ಕು ಚೆಂಡಿಗೆ ಒಂದು ಅಟ್ಟೆಯೆಂದು ಲೆಕ್ಕಹಾಕಿ ದಿನಾ ದರ ಕಟ್ಟುವ ಶಂಕರಪುರ ಮಲ್ಲಿಗೆಯ ಸೀಮೆಯಲ್ಲಿ ಇದನ್ನು ಕೇಳುವವರು ಯಾರು? ಸಾಲದ್ದಕ್ಕೆ, ನಾವು ಎಸಳೆಂದು ಕಾಣುವುದು ಎಸಳೇ ಅಲ್ಲ, ಬಣ್ಣ ಬಳಿದುಕೊಂಡ ಕೇಸರಗಳು. ಪರಾಗ ಕೊಡುವುದು ಒಂದೇ ಕೇಸರ, ಅದೂ ಅರ್ಧ ಮಾತ್ರ. ಉಳಿದದ್ದೆಲ್ಲ ಬರೀ ವೇಷ. ಎಲೆಯದೂ ಅದೇ ಕಥೆ. ನಾಗರಪಂಚಮಿಯ ಮುನ್ನಾದಿನ ಅರಸಿನ ಎಲೆ ಕೇಳಿಕೊಂಡು ಬಂದ ನೆರೆಮನೆಯ ಹುಡುಗ ಒಂದು ಕಟ್ಟು ಕಾಬಾಳೆ ಎಲೆ ಕೊಯ್ದುಕೊಂಡು ಹೋದ. ಮರುದಿನ ಅವರಲ್ಲಿ ಕಡುಬು ಬೆಂದಿತು, ಪರಿಮಳ ಮಾತ್ರ ಏಳಲಿಲ್ಲ. ಬೈಗುಳ ತಿಂದದ್ದು ಕಾಬಾಳೆ.

ಎರಡು ಮೂರು ವರ್ಷಕ್ಕೊಮ್ಮೆ ಅಗೆದು ಗಡ್ಡೆ ಬಿಡಿಸದಿದ್ದರೆ ಒತ್ತೊತ್ತಾಗಿ ಹೂ ಕಡಿಮೆಯಾಗುತ್ತದೆ. ಬಿಡಿಸಿದ್ದನ್ನು ಯಾರಿಗೆ ಕೊಡುವುದು? ನಾನು ಚೀಲ ಹಿಡಿದು ಹೊರಟದ್ದು ಕಂಡರೆ ನಮ್ಮ ಓಣಿಯ ಗೇಟುಗಳು ತಮ್ಮಷ್ಟಕ್ಕೆ ಚಿಲಕ ಹಾಕಿಕೊಳ್ಳುತ್ತವೆ.

ಇದೇ ಗಡ್ಡೆಯನ್ನು ಟೊರೊಂಟೊದಲ್ಲಿರುವ ನನ್ನ ಅಕ್ಕನ ಮಗಳು ಡಾಲರ್ ಕೊಟ್ಟು ಕೊಂಡಿದ್ದಾಳೆ. ಕಾಬಾಳೆಯ ತವರು ಅಮೆರಿಕ ಖಂಡದ ಬಿಸಿ ಸೀಮೆ. ಅಲ್ಲಿಂದ ಸ್ವಲ್ಪ ಬಡಗಿಗೆ ಹೋದರೂ ಅದಕ್ಕೆ ನಡುಕ. ಶರತ್ಕಾಲದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಎಲೆ ಕಪ್ಪಾದ ಕೂಡಲೇ ಅವಳು ದಂಟನ್ನು ಗೇಣುದ್ದಕ್ಕೆ ಕತ್ತರಿಸಿ, ಗಡ್ಡೆ ಅಗೆದು, ಮಣ್ಣು ಕೊಡವಿ, ನೆರಳಲ್ಲಿ ಆರಿಸಿ, ಮರದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿಟ್ಟು ಬೇಸ್‌ಮೆಂಟಿಗೆ ಇಳಿಸುತ್ತಾಳೆ. ಅಲ್ಲಿ 5ರಿಂದ 10 ಡಿಗ್ರಿ ಇರಬೇಕು. ತಿಂಗಳಿಗೊಮ್ಮೆ ಮುಟ್ಟಿ ನೋಡಬೇಕು: ಸುಕ್ಕುಗಟ್ಟಿದರೆ ನೀರು ಚಿಮುಕಿಸಬೇಕು, ಒದ್ದೆ ಹೆಚ್ಚಾದರೆ ಕೊಳೆಯುತ್ತದೆ. “ಎಲ್ಲರೂ ಮಲಗಿದ್ದಾರೆ ಮಾವ” ಎಂದು ಫೋನಿನಲ್ಲಿ ಪಿಸುಗುಟ್ಟಿದಳು. ಮಕ್ಕಳಿರಬೇಕೆಂದು ನಾನೂ ದನಿ ತಗ್ಗಿಸಿದೆ. ಗಡ್ಡೆಗಳಂತೆ!

ಅವು ಏಳುವುದಕ್ಕೂ ಮುಹೂರ್ತವಿದೆ. ಮೇ 25ರ ಹಿಂದಿನ ಸೋಮವಾರ ವಿಕ್ಟೋರಿಯಾ ಡೇ. ಅದು ದಾಟಿದ ಮೇಲೆಯೇ ಅಲ್ಲಿಯವರು ಧೈರ್ಯವಾಗಿ ಗಿಡ ಹೊರಗೆ ನೆಡುವುದು. ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಬೇಶ ತಿಂಗಳ ಹತ್ತಕ್ಕೆ, ನಮಗೆ ಪತ್ತನಾಜೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ, ಕಿರೀಟ, ಭುಜಕೀರ್ತಿಗಳನ್ನು ಪೆಟ್ಟಿಗೆಗೆ ಸೇರಿಸುತ್ತಾರೆ. ಇಲ್ಲಿ ವೇಷ ಪೆಟ್ಟಿಗೆಯೊಳಗೆ ಹೋಗುವ ಹೊತ್ತಿಗೆ ಅಲ್ಲಿ ಕಾಬಾಳೆ ಪೆಟ್ಟಿಗೆಯಿಂದ ಹೊರಗೆ; ಇಲ್ಲಿ ಮತ್ತೆ ಚೌಕಿಯಲ್ಲಿ ದೀಪ ಹಚ್ಚುವಾಗ ಅಲ್ಲಿ ಅದು ಒಳಗೆ. ಒಂದೇ ವ್ಯತ್ಯಾಸ: ನಮ್ಮ ಮೇಳ ರಜೆ ಮಾಡುವುದು ಮಳೆಗೆ ಹೆದರಿ, ಅವಳದು ಚಳಿಗೆ ಹೆದರಿ.

ಕಳೆದ ಡಿಸೆಂಬರಿನಲ್ಲಿ ಅವಳು ಊರಿಗೆ ಬಂದಳು. ಇಲ್ಲಿಯ ಚಳಿಯೆಂದರೆ ರಾತ್ರಿ 20 ಡಿಗ್ರಿ ಆಸುಪಾಸು. ಅಷ್ಟಕ್ಕೇ ನಾನು ಮಂಕಿ ಟೋಪಿ ಹಾಕಿಕೊಂಡು ಬಯಲಾಟಕ್ಕೆ ಹೋಗುವವನು. ಅವಳು ಚೀಲ ಇಳಿಸಿ, ಕಾಫಿಯನ್ನೂ ಕುಡಿಯದೆ ಹಿತ್ತಲಿಗೆ ಹೋದಳು. ಆರ್ಕಿಡ್‌ನತ್ತ ತಿರುಗಿಯೂ ನೋಡಲಿಲ್ಲ. ಕಣಿಯ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಅರಳಿ ನಿಂತ ಕಾಬಾಳೆಯನ್ನು ಬುಡದಿಂದ ತುದಿಯವರೆಗೆ ನೋಡಿದಳು.

“ಡಿಸೆಂಬರಿನಲ್ಲೂ ಹೂವಾ? ಅತ್ತೆ, ಚಳಿಗಾಲಕ್ಕೆ ಇದಕ್ಕೆ ಎಂತ ಮಾಡ್ತೀರಿ?”

ನನ್ನ ಹೆಂಡತಿ ಹಂಡೆಯ ಒಲೆಗೆ ಮಡಲು ತುರುಕುತ್ತಾ ಹೇಳಿದಳು:

“ಎಂತ ಮಾಡುವುದು ಮಾರಾಯ್ತಿ, ದಿನಾ ಸ್ನಾನ ಮಾಡ್ತೇವೆ.”