ಇನ್ನೊಂದೆರಡು ಸಾವಿರ ಹಾಕಿಬಿಡಿ ಅಕ್ಕಾ

ಬೊಮ್ಮನಹಳ್ಳಿ ಸಿಗ್ನಲ್ಲಿನಿಂದ ಬೇಗೂರು ರಸ್ತೆಗೆ ತಿರುಗಿಕೊಂಡರೆ ಮೊಬೈಲ್ ಅಂಗಡಿಗಳಿಗೆ ಬರವಿಲ್ಲ. ಗಾರ್ಮೆಂಟ್ಸಿನವರಿಗೆ ಸಂಬಳವಾಗುವ ವಾರದಲ್ಲಿ ಅಂಗಡಿ ಮುಂದೆ ಬಲೂನು ಕಟ್ಟಿ, ಸ್ಪೀಕರ್ ಇಟ್ಟು ಪದ ಹಾಕುತ್ತಾರೆ. ಒಳಗಿನ ಮಾತು ಎಲ್ಲ ಕಡೆಯೂ ಒಂದೇ.

"ಬಜೆಟ್ ಎಷ್ಟು ಅಕ್ಕಾ?"

"ಎಂಟು ಸಾವಿರ."

"ಎಂಟಕ್ಕೂ ಇದೆ. ಆದ್ರೆ ಆರು ತಿಂಗಳಿಗೆ ಹ್ಯಾಂಗ್ ಆಗುತ್ತೆ, ಆಮೇಲೆ ನನ್ನನ್ನ ಬೈಬೇಡಿ. ಇನ್ನೊಂದೆರಡು ಸಾವಿರ ಹಾಕಿಬಿಡಿ, ಫೈವ್‌ಜಿ ಬರುತ್ತೆ."

ಹತ್ತಕ್ಕೆ ಒಪ್ಪಿದರೆ ಅದರಲ್ಲಿ ಸ್ಟೋರೇಜ್ ಸಾಲದು. ಹನ್ನೆರಡಕ್ಕೆ ಏರಿದರೆ ಕ್ಯಾಮೆರಾ ಅಷ್ಟಕ್ಕಷ್ಟೆ. ಎಂಟು ಸಾವಿರ ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದವಳು ಹದಿನಾಲ್ಕು ಸಾವಿರದ ಫೋನಿನ ಮುಂದೆ ಕೂತಿರುತ್ತಾಳೆ. ಹುಡುಗ ಆಗಲೇ ಟೆಂಪರ್ಡ್ ಗ್ಲಾಸ್ ಒರೆಸುತ್ತಿರುತ್ತಾನೆ.

ಈ "ಇನ್ನೊಂದೆರಡು ಸಾವಿರ" ನಮ್ಮೂರಲ್ಲಿ ಎಲ್ಲರ ಬಾಯಲ್ಲೂ ಸಲೀಸು. ಯೂಟ್ಯೂಬಿನಲ್ಲಿ ಫೋನಿನ ಡಬ್ಬ ಬಿಚ್ಚುವವನು ಹೇಳುತ್ತಾನೆ, ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವ ಮನೆ ಓನರ್ ಮಗನೂ ಹೇಳುತ್ತಾನೆ. ಹೇಳದವನು ಒಬ್ಬನೇ, ಕಾರ್ಖಾನೆಯ ಎಚ್‌ಆರ್. 2016ರ ಏಪ್ರಿಲ್‌ನಲ್ಲಿ ಈ ಸಿಗ್ನಲ್ ಇರುವ ಹೊಸೂರು ರಸ್ತೆಯಲ್ಲೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದಾಗಲೂ ಸಂಬಳ ಜಾಸ್ತಿ ಮಾಡಿ ಅಂತ ಕೇಳಿರಲಿಲ್ಲ. ನಮ್ಮ ಪಿಎಫ್ ದುಡ್ಡನ್ನು ನಮಗೆ ಬೇಕಾದಾಗ ತೆಗೆದುಕೊಳ್ಳಲು ಬಿಡಿ, ಅಷ್ಟೇ ಅಂದಿದ್ದರು. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದಕ್ಕೆ ಅಡ್ಡ ಬಂದಿದ್ದ ತನ್ನ ಹೊಸ ನಿಯಮವನ್ನು ವಾಪಸ್ ಪಡೆಯಿತು. ದಿಲ್ಲಿಯನ್ನೇ ಬಗ್ಗಿಸಿದವರಿಗೆ ಬೇಗೂರು ರಸ್ತೆಯ ಅಂಗಡಿ ಹುಡುಗನನ್ನು ಬಗ್ಗಿಸಲಾಗಲಿಲ್ಲ.

ಆ ಪಿಎಫ್ಫೂ ಈಗ ಫೋನಿನೊಳಗೇ ಹೋಗಿ ಕೂತಿದೆ. 2025ರ ಆಗಸ್ಟ್‌ನಿಂದ ಹೊಸದಾಗಿ ಕೆಲಸಕ್ಕೆ ಸೇರಿದವಳು ಯುಎಎನ್ ನಂಬರ್ ಪಡೆಯಬೇಕಾದರೆ ಉಮಂಗ್ ಆಪ್‌ಗೆ ಮುಖ ತೋರಿಸಬೇಕು. ಗೃಹಲಕ್ಷ್ಮಿ ಎರಡು ಸಾವಿರ ಬಂತೋ ಇಲ್ಲವೋ ಅನ್ನುವುದು ಮೆಸೇಜ್ ನೋಡಿದ ಮೇಲೆ. ಮಕ್ಕಳ ಹೋಂವರ್ಕು ವಾಟ್ಸಾಪಿನಲ್ಲಿ, ತರಕಾರಿ ಗಾಡಿಯವನ ಚಿಲ್ಲರೆ ಫೋನ್‌ಪೇಯಲ್ಲಿ. ಫೋನೆಂದರೆ ಹೆಚ್ಚುಕಮ್ಮಿ ರೇಷನ್ ಕಾರ್ಡು. ವ್ಯತ್ಯಾಸ ಇಷ್ಟೇ, ಈ ಕಾರ್ಡನ್ನು ನಾವೇ ಕಾಸು ಕೊಟ್ಟು ಕೊಳ್ಳಬೇಕು, ಅದರ ಮೇಲೆ ತೆರಿಗೆಯನ್ನೂ ಕಟ್ಟಬೇಕು.

ತೆರಿಗೆ ಅಂದಮೇಲೆ ಲೆಕ್ಕ ಹಾಕಿಯೇ ಬಿಡೋಣ. ಮೊಬೈಲಿಗೆ ಜಿಎಸ್‌ಟಿ ಶೇ. 12 ಇದ್ದದ್ದು 2020ರ ಏಪ್ರಿಲ್ 1ರಿಂದ ಶೇ. 18 ಆಯಿತು. ಮನೆಯಿಂದ ಹೊರಗೆ ಕಾಲಿಡಬೇಡಿ ಅಂತ ಲಾಕ್‌ಡೌನ್ ಹಾಕಿ ಒಂದು ವಾರ ಆಗಿತ್ತಷ್ಟೆ. ಎಲ್ಲರೂ ಫೋನಿಗೇ ಜೋತುಬೀಳಲಿದ್ದಾರೆಂದು ಯಾರಿಗೋ ಮುಂಚೆಯೇ ಹೊಳೆದಿರಬೇಕು. 2025ರ ಸೆಪ್ಟೆಂಬರ್ 22ರಂದು ತೆರಿಗೆ ಇಳಿಸುವ ಹಬ್ಬವೂ ನಡೆಯಿತು. ಎಸಿ, ದೊಡ್ಡ ಟಿವಿ, ಸಣ್ಣ ಕಾರು ಎಲ್ಲ ಶೇ. 28ರಿಂದ 18ಕ್ಕೆ ಇಳಿದವು. ಮೊಬೈಲ್ ಇದ್ದಲ್ಲೇ ಇತ್ತು. ಈಗ ಓನರ್ ಮನೆಯ ಎಸಿಗೂ ಹೊಲಿಗೆ ಲೈನಿನ ಅಕ್ಕನ ಫೋನಿಗೂ ಒಂದೇ ದರ. ಸಮಾನತೆ ಎಂದರೆ ಇದು! ಹತ್ತು ಸಾವಿರದ ಫೋನಿನಲ್ಲಿ ಸುಮಾರು 1,525 ರೂಪಾಯಿ ತೆರಿಗೆಯದ್ದು. ಆ "ಇನ್ನೊಂದೆರಡು ಸಾವಿರ" ಇನ್ನೆಲ್ಲಿಂದ ಬಂತು ಅಂದುಕೊಂಡಿರಿ?

ಮಿಕ್ಕ ದುಡ್ಡಿಗೆ ಏನು ಬರುತ್ತದೆ ಅನ್ನುವುದಕ್ಕೆ ಫೋನನ್ನು ತಿರುಗಿಸಿ ನೋಡಬೇಕು. ಬೆನ್ನ ಮೇಲೆ ಮೂರು ಕಣ್ಣು. ಒಂದು ಐವತ್ತು ಮೆಗಾಪಿಕ್ಸೆಲ್ಲಿನದು, ಇನ್ನೊಂದು ಎರಡು ಮೆಗಾಪಿಕ್ಸೆಲ್ಲಿನದು. ಮೂರನೆಯದಕ್ಕೆ ಕೆಲವು ಮಾಡೆಲ್‌ಗಳಲ್ಲಿ ಕೆಲಸವೇ ಇಲ್ಲ, ದೃಷ್ಟಿಬೊಟ್ಟು. "ಎಂಟು ಜಿಬಿ ರ‍್ಯಾಮ್" ಅಂತ ದೊಡ್ಡಕ್ಷರದಲ್ಲಿ ಬರೆದು, ಪಕ್ಕದಲ್ಲಿ ಇರುವೆ ಗಾತ್ರದಲ್ಲಿ "4+4" ಅಂತ ಹಾಕಿರುತ್ತಾರೆ. ಮೊದಲ ನಾಲ್ಕು ಮಾತ್ರ ನಿಜವಾದ ರ‍್ಯಾಮ್, ಎರಡನೆಯ ನಾಲ್ಕು ನಿಮ್ಮದೇ ಸ್ಟೋರೇಜಿನಿಂದ ಕಡ ತಂದದ್ದು. ಆ ನಿಜವಾದ ನಾಲ್ಕಕ್ಕೂ ಸಂಚಕಾರ ಬಂದಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ 2025ರ ಕೊನೆಯ ಹೊತ್ತಿಗೆ ಚಿಪ್ಪಿನ ಬೆಲೆ ಗಗನಕ್ಕೇರಿತು. ಎಲ್ಲೋ ಯಾರೋ ಕಂಪ್ಯೂಟರಿಗೆ ಬೆಕ್ಕಿನ ಚಿತ್ರ ಬರೆಯಲು ಹೇಳುತ್ತಾರೆ, ಹೊಂಗಸಂದ್ರದ ಅಕ್ಕ ಅದಕ್ಕೆ ಮೊಯ್ಯಿ ಹಾಕುತ್ತಾಳೆ.

ಬಡವರಿಗೆಂದೇ ಸಾಧನ ಮಾಡುವ ಆಸೆ ಈ ಊರಿಗೆ ಇರಲಿಲ್ಲವೆಂದಲ್ಲ. ಐಐಎಸ್‌ಸಿಯ ಪ್ರಾಧ್ಯಾಪಕರೂ ಒಂದು ಸಾಫ್ಟ್‌ವೇರ್ ಕಂಪನಿಯವರೂ ಸೇರಿ ಕಲ್ಪಿಸಿದ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂತು. ಅಂಗೈಯಗಲದ್ದು, ಭಾರತೀಯ ಭಾಷೆ ಬಲ್ಲದ್ದು, ಬೆಲೆ ಹತ್ತು ಸಾವಿರದ ಆಸುಪಾಸು. ಬಡವರ ಕೈ ಸೇರುವ ಮುಂಚೆ ಇತಿಹಾಸ ಸೇರಿತು. ಈಗ ದೇವನಹಳ್ಳಿಯಲ್ಲೂ ಕೋಲಾರದ ನರಸಾಪುರದಲ್ಲೂ ಐಫೋನ್ ತಯಾರಾಗುತ್ತದೆ. ನಮ್ಮ ಹೆಮ್ಮೆಗೆ ಕೊರತೆಯಿಲ್ಲ. ಜೋಡಿಸುವ ಹುಡುಗಿ ಅದನ್ನು ಕೊಳ್ಳುವುದು ಬೇರೆ ಮಾತು.

"ಹಳೇದನ್ನೇ ರಿಪೇರಿ ಮಾಡಿಸಮ್ಮ" ಅನ್ನುವ ಜಾಣರಿದ್ದಾರೆ. ಡಿಸ್‌ಪ್ಲೇ ಒಡೆದ ಆರು ಸಾವಿರದ ಫೋನನ್ನು ಕೊಟ್ಟರೆ ರಿಪೇರಿಯವನು ಕೇಳುವುದು "ಒರಿಜಿನಲ್ಲಾ, ಕಾಪೀನಾ?" ಕಾಪಿ ಹಾಕಿಸಿದರೆ ಟಚ್ ತನಗೆ ಮನಸ್ಸು ಬಂದಾಗ ಕೆಲಸ ಮಾಡುತ್ತದೆ. ಒರಿಜಿನಲ್ ಹಾಕಿಸುವ ದುಡ್ಡಿಗೆ ಇನ್ನೊಂದೆರಡು ಸಾವಿರ ಹಾಕಿದರೆ ಹೊಸದೇ ಬರುತ್ತದಲ್ಲ!

ಸೆಕೆಂಡ್ ಹ್ಯಾಂಡ್? ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ ಇದೆ, ಎಸ್‌ಪಿ ರೋಡ್ ಇದೆ. ಒಂದು ಮಾತು ನೆನಪಿರಲಿ. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿ ಐಎಂಇಐ ನಂಬರ್ ತೆಗೆದು, ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಕದ್ದದ್ದೆಂದು ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇದು ಸರ್ಕಾರದ್ದೇ ವ್ಯವಸ್ಥೆ, ಕೆಲಸಕ್ಕೆ ಬರುವಂಥದ್ದು. ಬಿಲ್ ಕೇಳಿದ ಕೂಡಲೇ ಮಾರುವವನ ಮುಖ ಸಪ್ಪಗಾದರೆ ಮೆಸೇಜಿನ ಖರ್ಚೂ ಉಳಿಯಿತು.

ಕೊನೆಗೆ ಉಳಿಯುವುದು ಕಂತು. "ಝೀರೋ ಪರ್ಸೆಂಟ್ ಬಡ್ಡಿ ಅನ್ನುವುದೇ ಇಲ್ಲ" ಅಂತ ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದು ತಿಳಿಸಿತ್ತು. ಅಂದಿನಿಂದ ಅದು "ನೋ ಕಾಸ್ಟ್" ಅಂತ ಮರುನಾಮಕರಣ ಮಾಡಿಕೊಂಡು ಸುಖವಾಗಿದೆ. ಫೈನಾನ್ಸ್ ಕಂಪನಿಯ ಟೀ ಶರ್ಟ್ ಹಾಕಿದ ಹುಡುಗ ಕೌಂಟರ್ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿರುತ್ತಾನೆ. ಆಧಾರ್ ಆಯಿತು, ಪ್ಯಾನ್ ಆಯಿತು, ಕಣ್ಣು ಮಿಟುಕಿಸಿದ ಸೆಲ್ಫಿಯೂ ಆಯಿತು.

"ಓಟಿಪಿ ಬಂದಿರುತ್ತೆ, ಹೇಳಿ ಅಕ್ಕಾ."

ಬಂದಿರುವುದು ಒಡೆದ ಡಿಸ್‌ಪ್ಲೇಗೆ. ಆರು ಅಂಕಿಯಲ್ಲಿ ಮೂರು ಬಿರುಕಿನ ಈಚೆ, ಮಿಕ್ಕಿದ್ದು ಕಪ್ಪು ಮಸಿಯ ಆಚೆ. ಮೂರು ಸಲ ತಪ್ಪಿದ ಮೇಲೆ ಅಂಗಡಿ ಹುಡುಗನೇ ಉಪಾಯ ಹೇಳುತ್ತಾನೆ. ಸಾವಿರದ ಚಿಲ್ಲರೆಗೆ ಒಂದು ಕೀಪ್ಯಾಡ್ ಸೆಟ್ ತಗೊಂಡು ಸಿಮ್ ಅದಕ್ಕೆ ಹಾಕಿದರೆ ಓಟಿಪಿ ಸಲೀಸಾಗಿ ಓದಬಹುದು.

ಅದಕ್ಕೂ ಶೇ. 18.